ಸುಣ್ಣದ ಗೆರೆಗಳ ನಡುವೆ ಅಮ್ಮ ನಡೆದ ಬೆಳಿಗ್ಗೆ

ಕೊರೊನಾ ಕಳೆದ ಮೇಲಿನ ಎರಡನೇ ಬೇಸಿಗೆ ಅದು. ಶಿವರಾತ್ರಿ ಮುಗಿದು ನಾಲ್ಕೈದು ದಿನವಾಗಿತ್ತು. ಶಿವಮೊಗ್ಗದ ನವುಲೆ ಕಡೆ ನಾವು ಕೊಳ್ಳಬೇಕೆಂದಿದ್ದ ಒಂದು ಖಾಲಿ ಸೈಟಿನಲ್ಲಿ, ಬೆಳಿಗ್ಗೆ ಎಂಟರ ಸುಮಾರಿಗೆ, ನನ್ನ ಅಮ್ಮ ಇನ್ನೂ ಕಟ್ಟಿರದ ಮನೆಯೊಳಗೆ ನಡೆದಳು. ಹೆಚ್ಚೆಂದರೆ ಒಂದು ನಿಮಿಷದ ನಡಿಗೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಹದಿನೆಂಟು ವರ್ಷ ಬೇರೆಯವರ ಸುದ್ದಿ ತಿದ್ದಿದವನು ನಾನು. ನನ್ನ ಮನೆಯ ಈ ಒಂದು ನಿಮಿಷವನ್ನು, ಅದಕ್ಕೆ ಮೊದಲು ನನ್ನಿಂದಾದ ತಪ್ಪನ್ನೂ ಸೇರಿಸಿ, ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ. ಅಪ್ಪ ಕಾಗದ ಕಾರ್ಖಾನೆಯಲ್ಲಿ ಫಿಟ್ಟರ್. ಅಮ್ಮ ಮದುವೆಯಾಗಿ ಬಂದದ್ದು ಅದೇ ಮನೆಗೆ. ಅಲ್ಲಿ ನಲವತ್ತು ವರ್ಷ ಬಾಳಿದಳು. ನಮ್ಮ ಸಾಲಿನ ಮನೆಗಳೆಲ್ಲ ಜೋಡಿ ಮನೆಗಳು. ಒಂದು ಗೋಡೆಯ ಈಚೆ ನಾವು, ಆಚೆ ಲಕ್ಷ್ಮಿ ಅಕ್ಕನ ಸಂಸಾರ. ಅವರ ಮನೆಮಾತು ತೆಲುಗು. ಅಮ್ಮ ನಡುಮನೆಯ ಗೋಡೆಗೆ ಎರಡು ಸಲ ಕುಟ್ಟಿದರೆ ಆಚೆಯಿಂದ ‘ಏಂ ಸಾವಿತ್ರಕ್ಕಾ?’ ಎಂಬ ಕೂಗು ಬರುತ್ತಿತ್ತು. ಹಾಲು ಒಡೆದದ್ದು, ನಲ್ಲಿ ನೀರು ಬಂದದ್ದು, ಯಾರದೋ ಮನೆಯಲ್ಲಿ ಹೆರಿಗೆಯಾದದ್ದು ಎಲ್ಲವೂ ಆ ಗೋಡೆಯ ಮೂಲಕವೇ ತಿಳಿಯುತ್ತಿತ್ತು. ಗಡಿಯಾರದ ಕೆಲಸವನ್ನು ಕಾರ್ಖಾನೆಯ ಸೈರನ್ ಮಾಡುತ್ತಿತ್ತು. ಗಾಳಿ ಈ ಕಡೆ ತಿರುಗಿದ ದಿನ ಬೇಯುತ್ತಿರುವ ಪಲ್ಪಿನ ವಾಸನೆ ಒಗೆದ ಬಟ್ಟೆಗೂ ಹಿಡಿಯುತ್ತಿತ್ತು. ಊರಿಗೆ ಬಂದ ನೆಂಟರು ಮೂಗು ಮುಚ್ಚಿಕೊಂಡರೆ ನಮಗೆ ನಗು ಬರುತ್ತಿತ್ತು.

ಕಾರ್ಖಾನೆ ನಿಂತಿತು. ಅಪ್ಪ ತೀರಿಕೊಂಡರು. ಮುಂದೆ ಕ್ವಾರ್ಟರ್ಸ್ ಬಿಡುವ ದಿನವೂ ಬಂದಾಗ ನಾವು ಶಿವಮೊಗ್ಗದಲ್ಲಿ, ನನ್ನ ಕಚೇರಿಗೆ ಹತ್ತಿರದಲ್ಲಿ ಬಾಡಿಗೆ ಮನೆ ಹಿಡಿದೆವು. ಹೊಳೆಯುವ ಟೈಲ್ಸಿನ ಒಳ್ಳೆಯ ಮನೆ. ಹೋದ ಮೂರನೇ ದಿನ ಅಮ್ಮ ಬಚ್ಚಲ ಬಾಗಿಲಲ್ಲಿ ಮುಗ್ಗರಿಸಿ ಬಿದ್ದಳು. ಹೊಸ ಜಾಗ ಎಂದುಕೊಂಡೆವು. ಹದಿನೈದು ದಿನಕ್ಕೆ ಮತ್ತೆ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಕೈಗೆ ಪಟ್ಟಿ ಹಾಕಿದ ಡಾಕ್ಟರ್ ಅನುಮಾನದಿಂದ ಅವಳ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, “ಇವರಿಗೆ ಎಷ್ಟು ದಿನದಿಂದ ಕಣ್ಣು ಕಾಣಿಸ್ತಿಲ್ಲ?” ಎಂದು ಕೇಳಿದರು. ಮರುದಿನವೇ ಅವಳನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಗ್ಲಾಕೋಮಾ ಎಂದು ಗೊತ್ತಾಯಿತು. ಹೋದ ದೃಷ್ಟಿ ಮರಳುವುದಿಲ್ಲ, ಉಳಿದಿರುವುದನ್ನು ಡ್ರಾಪ್ಸ್ ಹಾಕಿ ಕಾಪಾಡಿಕೊಳ್ಳಬೇಕು ಅಷ್ಟೇ ಎಂದರು. ಉಳಿದಿದ್ದುದಾದರೂ ಏನು? ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದು, ಎದುರು ನಿಂತವರ ನೆರಳು. ಈ ಸ್ಥಿತಿಯಲ್ಲೇ ಅವಳು ಕ್ವಾರ್ಟರ್ಸಿನಲ್ಲಿ ಕೊನೆಯ ಮೂರು ನಾಲ್ಕು ವರ್ಷ ಅಡುಗೆ ಮಾಡಿ, ಹಬ್ಬ ಮಾಡಿ, ಬಂದವರಿಗೆ ಬಡಿಸಿ ಬದುಕಿದ್ದಳು. ಅದೇ ಮನೆಯಲ್ಲಿದ್ದ ನಮಗೆ ಯಾರಿಗೂ ಗೊತ್ತಾಗಿರಲಿಲ್ಲ.

“ಯಾಕಮ್ಮ ಹೇಳ್ಲಿಲ್ಲ?” ಎಂದೆ.

“ಹೇಳೋದೇನು ಬಂತು? ಅಲ್ಲಿ ಕಣ್ಣು ಬೇಕೇ ಆಗ್ತಿರಲಿಲ್ಲ ಕಣೋ. ಕಾಲಿಗೆ ಗೊತ್ತಿತ್ತು.”

ಬಾಡಿಗೆ ಮನೆಯಲ್ಲಿ ಕಾಲಿಗೆ ಏನೂ ಗೊತ್ತಿರಲಿಲ್ಲ. ಪಟ್ಟಿ ಬಿಚ್ಚಿದ ಮೇಲೂ ಅಮ್ಮ ಮಂಚದ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಬಚ್ಚಲಿಗೆ ಹೋಗಬೇಕಾದರೆ ನನ್ನ ಹೆಂಡತಿ ವಿನುತಾಳನ್ನು ಕರೆಯುತ್ತಿದ್ದಳು. ವಿನುತಾ ಶಾಲೆಯ ಕೆಲಸ ಮುಗಿಸಿ ಬರುವುದು ತಡವಾದರೆ ಅಮ್ಮ ಯಾರನ್ನೂ ಕರೆಯದೆ ಕಾಯುತ್ತಿದ್ದಳು. ಅವಳು ಮಧ್ಯಾಹ್ನ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆಂದು ವಿನುತಾ ಒಂದು ದಿನ ಕಂಡುಹಿಡಿದಳು. ಆ ರಾತ್ರಿ ಅವಳೇ ನನ್ನನ್ನು ಕೇಳಿದಳು.

“ರೀ, ಹೆಂಗೂ ಮನೆ ಕಟ್ಟಬೇಕು ಅಂತಿದೀವಿ. ಆ ಕ್ವಾರ್ಟರ್ಸ್ ಮನೇನೇ ಇಲ್ಲಿ ಕಟ್ಟಿದ್ರೆ? ಅದೇ ಅಳತೆ, ಅದೇ ಬಾಗಿಲು?”

ಇಬ್ಬರನ್ನು ಹುಡುಕಬೇಕಿತ್ತು: ಜಾಗ ಕೊಡಿಸುವವರು, ಮನೆ ಕಟ್ಟುವವರು.

ಜಾಗಕ್ಕೆ ಹಾಲೇಶಪ್ಪ ಸಿಕ್ಕರು. ಮೊದಲು ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದವರು, ಆಮೇಲೆ ಸೈಟು ವ್ಯವಹಾರಕ್ಕೆ ಬಂದವರು. ಬಿಳಿ ಶರ್ಟು, ಹೆಗಲ ಮೇಲೊಂದು ಟವೆಲ್, ಹಳೇ ಸ್ಕೂಟರ್. ಊರಿನ ಯಾವ ಬಡಾವಣೆಯಲ್ಲಿ ಯಾವ ನಂಬರಿನ ಸೈಟು ಯಾರ ಹೆಸರಲ್ಲಿದೆ ಎಂಬುದು ಅವರ ಬಾಯಲ್ಲೇ ಇತ್ತು. ಮನೆ ಕಟ್ಟಲು ಭದ್ರಾವತಿ ಓಲ್ಡ್ ಟೌನಿನ ಸೆಲ್ವರಾಜ್. ಒಂದೇ ಅಚ್ಚಿನ ಮನೆಗಳನ್ನು ಸಾಲಾಗಿ ಎಬ್ಬಿಸಿ ಮಾರುವವರಲ್ಲ. ಮನೆಯವರ ಜತೆ ಕೂತು ಯಾರು ಎಲ್ಲಿ ಮಲಗುತ್ತಾರೆ, ಯಾರಿಗೆ ಮಂಡಿ ನೋವು, ಬಟ್ಟೆ ಎಲ್ಲಿ ಒಣಗಿಸುತ್ತೀರಿ ಎಂದೆಲ್ಲ ಕೇಳಿ, ಅದಕ್ಕೆ ತಕ್ಕಂತೆ ಒಂದೊಂದೇ ಮನೆ ಕಟ್ಟಿಕೊಡುವವರು.

ಇಬ್ಬರನ್ನೂ ಒಂದು ಸಲ ಕೂರಿಸಿ ಮಾತಾಡಿಸೋಣವೆಂದು ಮೊದಲಿಗೆ ಅನ್ನಿಸಿತ್ತು. ಹಾಲೇಶಪ್ಪ ಕೈಮುಗಿದರು.

“ಬೇಡ ಸ್ವಾಮಿ. ಬಿಲ್ಡರ್ ಕಣ್ಣಿಗೆ ಯಾವ ಸೈಟೂ ಸರಿ ಇರಲ್ಲ. ಒಂದು ಕಡೆ ಬಂಡೆ ಅಂತಾರೆ, ಒಂದು ಕಡೆ ನೀರು ನಿಲ್ಲುತ್ತೆ ಅಂತಾರೆ. ಅವರನ್ನ ಕರ್ಕೊಂಡು ಓಡಾಡಿದ್ರೆ ನನ್ನ ವ್ಯಾಪಾರ ಆದಂಗೇ. ರಿಜಿಸ್ಟ್ರೇಷನ್ ಆಗ್ಲಿ, ಆಮೇಲೆ ಯಾರನ್ನಾದ್ರೂ ಕರ್ಕೊಂಡು ಬನ್ನಿ.”

ಸೆಲ್ವರಾಜ್ ಅವರಿಗೂ ಅಂಥ ಉತ್ಸಾಹವೇನಿರಲಿಲ್ಲ.

“ಬ್ರೋಕರಾ? ಅವರು ರಿಜಿಸ್ಟ್ರೇಷನ್ ದಿನ ಊಟ ಮಾಡಿ ಹೋದ್ರೆ ಗೃಹಪ್ರವೇಶದ ಊಟಕ್ಕೇ ಬರೋದು ಸರ್. ಮಧ್ಯದಲ್ಲಿ ಅವರ ಮುಖ ನೋಡಿದೋರು ಯಾರೂ ಇಲ್ಲ.”

ಸರಿ, ನಾನೇ ಮಧ್ಯೆ ನಿಂತೆ. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ. ಎರಡೂ ಕಡೆಯವರನ್ನು ವಿಚಾರಿಸದೆ ಸುದ್ದಿ ಬರೆಯಬೇಡಿ ಎಂದು ಹೊಸ ವರದಿಗಾರರಿಗೆ ಹೇಳಿಕೊಡುವುದು ನನ್ನ ಕೆಲಸ. ಆದರೆ ಇಲ್ಲಿ ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಪೂರ್ತಿ ಹೇಳಲಿಲ್ಲ. ಅಮ್ಮನ ಕಣ್ಣಿನ ವಿಷಯ ಸೆಲ್ವರಾಜ್‌ಗೆ ಮಾತ್ರ ಗೊತ್ತಿತ್ತು. ಹಾಲೇಶಪ್ಪನವರಿಂದ ಬೇಕೆಂದೇ ಮುಚ್ಚಿಟ್ಟಿದ್ದೆ. ನಮ್ಮ ಅಗತ್ಯ ತಿಳಿದರೆ ಬೆಲೆ ಏರಿಸಿಯಾರು ಎಂಬ ಅಂಜಿಕೆ. ಅವರಿಗೆ ನಾನು ಹೇಳಿದ್ದು ಇಷ್ಟೇ: ಮೂವತ್ತು ನಲವತ್ತರ ಸೈಟು, ನವುಲೆ ಕಡೆ, ನೀರು ಚೆನ್ನಾಗಿರಬೇಕು.

ಕ್ವಾರ್ಟರ್ಸ್ ಅಳತೆ ತರಲು ಸೆಲ್ವರಾಜ್ ಒಬ್ಬರೇ ಕಾಗದನಗರಕ್ಕೆ ಹೋದರು. ನಮ್ಮ ಮನೆಗೆ ಬೀಗ ಬಿದ್ದಿತ್ತು. ಪಕ್ಕದಲ್ಲಿ ಲಕ್ಷ್ಮಿ ಅಕ್ಕನ ಮನೆಯವರು ಇನ್ನೂ ಬಿಟ್ಟಿರಲಿಲ್ಲ. ಅವರು ಒಳಗೆ ಕರೆದು ಕಾಫಿ ಕೊಟ್ಟು, ಮನೆಯ ಮೂಲೆ ಮೂಲೆಯನ್ನೂ ಅಳೆಯಲು ಬಿಟ್ಟರಂತೆ. ಅಲ್ಲಿಂದಲೇ ಸೆಲ್ವರಾಜ್ ನನಗೆ ಫೋನ್ ಮಾಡಿದರು. ನಾನು ಮೊದಲ ಪುಟ ಮುಗಿಸುವ ಗಡಿಬಿಡಿಯಲ್ಲಿದ್ದೆ.

“ಸರ್, ಇದು ಪಕ್ಕದ ಮನೆ ಅಳತೆ. ಜೋಡಿ ಮನೆ ಅಲ್ವಾ, ನಿಮ್ಮಲ್ಲಿ ಎಡಕ್ಕಿರೋದು ಇಲ್ಲಿ ಬಲಕ್ಕಿದೆ. ಪ್ಲಾನ್ ಹಾಕುವಾಗ ಎಡ ಬಲ ಬದಲಾಯಿಸಬೇಕು. ನೆನಪಿಟ್ಕೊಳ್ಳಿ.”

“ಆಯ್ತು ಆಯ್ತು” ಎಂದೆ. ಫೋನ್ ಇಟ್ಟ ಕ್ಷಣವೇ ಮರೆತೆ.

ಎರಡು ದಿನ ಬಿಟ್ಟು ಅವರು ಅಳತೆಯ ಹಾಳೆಯ ಫೋಟೋ ಕಳಿಸಿದರು. ಆ ಹೊತ್ತಿಗೆ ಹಾಲೇಶಪ್ಪ ನಮಗೊಂದು ಸೈಟು ತೋರಿಸಿದ್ದರು. ಪಶ್ಚಿಮದ ರಸ್ತೆ, ಎಡಕ್ಕೆ ಒಂದು ಮೂರಂತಸ್ತಿನ ಮನೆ, ಬಲಕ್ಕೆ ಖಾಲಿ. ನಾನು ಫೋಟೋವನ್ನು ಅವರಿಗೆ ತೋರಿಸಿದೆ. ಅವರು ಮೊಬೈಲನ್ನು ದೂರ ಹಿಡಿದು ನೋಡಿ ಹಿಗ್ಗಿದರು.

“ಫಸ್ಟ್ ಕ್ಲಾಸ್! ಈ ಸೈಟಿಗೆ ಅಡುಗೆಮನೆ ಬಲಗಡೆ ಹಿಂದಕ್ಕೇ ಬರಬೇಕು, ಅದೇ ಆಗ್ನೇಯ. ಯಾರು ಸ್ವಾಮಿ ಹಾಕಿದ್ದು? ಒಂದು ಇಂಚೂ ಅಲುಗಾಡಿಸಬೇಡಿ ಅನ್ನಿ.”

ನಾನು ಸೆಲ್ವರಾಜ್‌ಗೆ ಹಾಗೆಯೇ ಹೇಳಿದೆ: ಬ್ರೋಕರ್ ನೋಡಿದ್ದಾರೆ, ಪ್ಲಾನ್ ಇದ್ದ ಹಾಗೆಯೇ ಇರಲಿ. ಅವರು “ಮನೆಯವರೆಲ್ಲ ಕೂತು ಮಾತಾಡಿದೀರಲ್ಲಾ ಸರ್?” ಎಂದು ಕೇಳಿದರು. ಹೌದು ಎಂದೆ. ವಾಸ್ತು ನೋಡಿ ನಾವೇ ಮನಸ್ಸು ಬದಲಾಯಿಸಿದ್ದೇವೆ ಎಂದು ಅವರು ತಿಳಿದರು.

ಅಗ್ರಿಮೆಂಟಿಗೆ ಎರಡು ದಿನ ಮೊದಲು ಸೆಲ್ವರಾಜ್ ಒಂದು ಮಾತು ಹೇಳಿದರು. “ಮನೆ ಅಮ್ಮನಿಗೆ ತಾನೇ? ಅವರಿಗೆ ಪ್ಲಾನ್ ತೋರಿಸೋದು ಹೆಂಗೆ ಸರ್? ಕಾಗದದ ಮೇಲೆ ಆಗಲ್ಲ. ನೆಲದ ಮೇಲೆ ಬರೀತೀನಿ. ಒಂದು ಸಲ ನಡೀಲಿ.”

ಅಡ್ವಾನ್ಸ್ ಕೊಡದ ಜಾಗದಲ್ಲಿ ಗೆರೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಪೂಜೆಯಾಗಿ, ಗುದ್ದಲಿ ಬಿದ್ದ ಮೇಲೆ ಆ ಕೆಲಸ. ಹಾಲೇಶಪ್ಪ ಗೊಣಗುತ್ತಲೇ ಸೈಟಿನ ಮಾಲೀಕರನ್ನು ಒಪ್ಪಿಸಿದರು. ಮರುದಿನ ಬೆಳಿಗ್ಗೆ ನಾವು ಅಮ್ಮನನ್ನು ಆಟೋದಲ್ಲಿ ಕರೆದುಕೊಂಡು ಹೋಗುವಷ್ಟರಲ್ಲಿ ಸೆಲ್ವರಾಜ್ ದಾರ ಹಿಡಿದು, ಸುಣ್ಣದ ಪುಡಿ ಸುರಿದು, ಇಡೀ ಮನೆಯನ್ನು ನೆಲದ ಮೇಲೆ ಬರೆದು ಮುಗಿಸಿದ್ದರು. ಕೆಂಪು ಮಣ್ಣಿನ ಮೇಲೆ ಬಿಳಿ ಗೋಡೆಗಳು. ಬಾಗಿಲು ಇರುವ ಕಡೆಗಳಲ್ಲಿ ಗೆರೆ ಬಿಟ್ಟಿದ್ದರು. ಮುಂಬಾಗಿಲಿನ ಹೊಸಿಲಿಗೆಂದು ಇಟ್ಟಿಗೆ ಸಾಲು ಇಟ್ಟಿದ್ದರು. ಆ ಗೆರೆಗಳು ಅಮ್ಮನಿಗೆ ಕಾಣುವಂಥವಲ್ಲ, ಅವು ನಮಗೆ. ಅವಳು ನೆನಪಿನಿಂದ ನಡೆಯಬೇಕು, ಹೆಜ್ಜೆ ಗೆರೆಗೆ ಹೊಂದುತ್ತದೆಯೇ ಎಂದು ನಾವು ನೋಡಬೇಕು.

ಹಾಲೇಶಪ್ಪನವರೂ ಸ್ಕೂಟರಿನಲ್ಲಿ ಬಂದರು. ಇಬ್ಬರೂ ಮುಖಾಮುಖಿಯಾದದ್ದು ಅದೇ ಮೊದಲು.

“ಏನ್ರೀ ಇದು, ಅಡ್ವಾನ್ಸೇ ಕೊಡದಿರೋ ಜಾಗದಲ್ಲಿ ಅಡುಗೆಮನೆ ಎಬ್ಬಿಸಿಬಿಟ್ರಲ್ಲ!”

“ಬರೀ ಸುಣ್ಣ ಅಣ್ಣಾ. ಬ್ರೋಕರ್ ಮಾತಿನ ಥರ, ಗಾಳಿ ಬೀಸಿದ್ರೆ ಹೋಗುತ್ತೆ.”

“ಓಹೋ, ಬಾಯಿ ಜೋರಿದೆ. ಭದ್ರಾವತಿ ನೀರು ಕುಡಿದೋರು ತಾನೇ?”

“ಎರಡು ಊರಿಗೂ ಹೊಳೆ ನೀರೇ ಅಣ್ಣಾ, ಹೆಸರು ಬೇರೆ ಅಷ್ಟೇ.”

ಅಮ್ಮನಿಗೆ ನಗು ಬಂತು. ಅವಳು ನಕ್ಕದ್ದನ್ನು ಕಂಡು ತಿಂಗಳುಗಳೇ ಆಗಿದ್ದವು. ಹೊಸಿಲಿನ ಮುಂದೆ ಅವಳನ್ನು ನಿಲ್ಲಿಸಿದೆ. ಚಪ್ಪಲಿ ಬಿಟ್ಟಳು. “ಕೈ ಬಿಡು” ಎಂದಳು. ಬಿಟ್ಟೆ.

ಬಲಗಾಲಿಟ್ಟು ಹೊಸಿಲು ದಾಟಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಡೆದಳು. ಬಾಡಿಗೆ ಮನೆಯಲ್ಲಿ ಪಾದ ಎಳೆಯುತ್ತಿದ್ದ ಹೆಂಗಸು ಇವಳೇ ಎಂದು ನಂಬುವುದು ಕಷ್ಟವಾಯಿತು. ಒಂಬತ್ತು ಹೆಜ್ಜೆ ನೇರ. ಅಲ್ಲಿ ನಿಲ್ಲದೆ, ಯೋಚಿಸದೆ, ಎಡಕ್ಕೆ ತಿರುಗಿದಳು.

ಎಡಕ್ಕೆ ಬಾಗಿಲಿರಲಿಲ್ಲ. ಬಿಳಿ ಗೋಡೆಯ ಗೆರೆ ಇತ್ತು. ಅಮ್ಮ ಅದರ ಮೇಲೆ ಕಾಲಿಟ್ಟು ದಾಟಿ ಮನೆಯಿಂದ ಹೊರಗೆ ಹೋದಳು. ಇನ್ನೆರಡು ಹೆಜ್ಜೆ ಇಟ್ಟು ಒಲೆಯ ಕಟ್ಟೆಗೆಂದು ಕೈ ಚಾಚಿದಳು. ಪಕ್ಕದ ಮೂರಂತಸ್ತಿನ ಮನೆಯ ಕಾಂಪೌಂಡಿನ ಒರಟು ಇಟ್ಟಿಗೆಗೆ ಅಂಗೈ ಉಜ್ಜಿತು.

“ಇದ್ಯಾರ ಗೋಡೆ?” ಎಂದಳು.

ಅವಳು ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಸವರಿದಳು. ಸುಣ್ಣ ಹತ್ತಿದ ಕಾಲನ್ನು ಹಿಂದಿಟ್ಟು ಮತ್ತೆ ಮುಂದಿಟ್ಟಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದಳು.

“ನಂಗೆ ಮರೆತುಹೋಯ್ತು ಕಣೋ. ಅದೂ ಹೋಯ್ತು.”

ಅಪ್ಪ ತೀರಿಕೊಂಡಾಗ ಕೂಡ ಆ ದನಿಯನ್ನು ನಾನು ಕೇಳಿರಲಿಲ್ಲ. ಕಣ್ಣು ಹೋದದ್ದನ್ನು ಅವಳು ನಮಗೆ ಗೊತ್ತಾಗದಂತೆ ನಿಭಾಯಿಸಿದ್ದಳು, ಕಾಲಿನ ನೆನಪೊಂದಿದೆ ಎಂಬ ಧೈರ್ಯದ ಮೇಲೆ. ಈಗ ಅದೂ ಹೋಯಿತು ಎಂದು ಅವಳು ನಂಬಿಬಿಟ್ಟರೆ ಮತ್ತೆ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ನನಗೆ ಖಚಿತವಾಯಿತು. ವಿನುತಾ ಓಡಿಹೋಗಿ ಅವಳ ತೋಳು ಹಿಡಿದಳು.

ಮೊದಲು ಮಾತಾಡಿದವರು ಸೆಲ್ವರಾಜ್. ಅವರು ಗೆರೆಗಳನ್ನು ತುಳಿದುಕೊಂಡೇ ಅಮ್ಮನ ಬಳಿಗೆ ಹೋದರು.

“ಇಲ್ಲಮ್ಮ. ನೀವು ಸರಿ ನಡೆದ್ರಿ. ಗೆರೆ ತಪ್ಪು.”

“ಸಮಾಧಾನಕ್ಕೆ ಹೇಳ್ತಿದೀಯಾ ಮಾರಾಯ?”

“ಲಕ್ಷ್ಮಮ್ಮನೋರ ಮನೆ ಅಡುಗೆಮನೆ ಯಾವ ಕಡೆ ಹೇಳಿ?”

“ಬಲಕ್ಕೆ. ಅವಳದು ಬಲಕ್ಕೆ, ನಂದು ಎಡಕ್ಕೆ.”

“ನೋಡಿ! ನಾನು ಬರೆದಿರೋದು ಅವರ ಮನೆ. ನೀವು ನಡೆದಿದ್ದು ನಿಮ್ಮನೇಲಿ.”

ಅಮ್ಮ ಗೋಡೆಯಿಂದ ಕೈ ತೆಗೆದು, “ಹಂಗಾದ್ರೆ ಅವಳ ಬಚ್ಚಲಲ್ಲಿ ನಾನ್ಯಾಕೆ ನೀರು ಹೊಯ್ಕೋಬೇಕು?” ಎಂದಳು.

ಸೆಲ್ವರಾಜ್ ನನ್ನ ಕಡೆ ತಿರುಗಿದರು. “ಸರ್, ನಾನು ಫೋನಲ್ಲಿ ಹೇಳಿದ್ದೆ. ಎಡ ಬಲ ಬದಲಾಯಿಸಬೇಕು ಅಂತ. ನೀವೇ ಬೇಡ ಅಂದ್ರಿ.”

“ಬೇಡ ಅಂತ ಹೇಳಿದ್ದು ನಾನು” ಎಂದು ಹಾಲೇಶಪ್ಪ ಮುಂದೆ ಬಂದರು. “ಆದ್ರೆ ಅಮ್ಮನಿಗೆ ಕಣ್ಣು ಕಾಣ್ಸಲ್ಲ, ಕಾಲಿನ ಲೆಕ್ಕದಲ್ಲಿ ಓಡಾಡ್ತಾರೆ ಅಂತ ನಂಗೆ ಯಾರು ಹೇಳಿದ್ರು? ಮೂವತ್ತು ನಲವತ್ತು ಅಂದ್ರಿ, ನವುಲೆ ಅಂದ್ರಿ, ನೀರು ಅಂದ್ರಿ. ಇದೊಂದನ್ನ ಯಾಕೆ ಮುಚ್ಚಿಟ್ರಿ ಸ್ವಾಮಿ?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ನಾನು ಮುಚ್ಚಿಟ್ಟ ಕಾರಣವನ್ನೂ ಮರೆತ ಸಂಗತಿಯನ್ನೂ ಅಲ್ಲಿಯೇ, ಎಲ್ಲರೆದುರು ಹೇಳಿದೆ. ಹಾಲೇಶಪ್ಪನವರ ಮುಖ ಸಪ್ಪಗಾಯಿತು. “ನಮ್ಮನ್ನ ಹಂಗೇ ತಿಳ್ಕೊಂಡಿರ್ತೀರಿ ಎಲ್ಲರೂ” ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

“ಈಗ ಗೆರೆ ಅಳಿಸಿ ಎಡಕ್ಕೆ ಹಾಕಿದ್ರೆ ಆಯ್ತಲ್ಲ” ಎಂದಳು ವಿನುತಾ. ಸೆಲ್ವರಾಜ್ ಪಕ್ಕದ ಮೂರಂತಸ್ತನ್ನು ತಲೆಯೆತ್ತಿ ನೋಡಿದರು. ಹಾಲೇಶಪ್ಪ ಟವೆಲ್ ಹಾಸಿ ಅಮ್ಮನ ಮುಂದೆ ಮಣ್ಣಿನಲ್ಲೇ ಕೂತರು.

“ಅಮ್ಮಾ, ಅಲ್ಲಿ ಒಲೆ ಮುಂದೆ ನಿಂತ್ರೆ ಬೆಳಿಗ್ಗೆ ಬಿಸಿಲು ಎಲ್ಲಿಗೆ ಬೀಳ್ತಿತ್ತು?”

“ಮುಖಕ್ಕೇ. ಕಿಟಕಿ ಎದುರಿಗಲ್ವಾ? ಆ ಬೆಳಕಿಗೇ ನಂಗೆ ಪಾತ್ರೆ ಎಲ್ಲಿದೆ ಅಂತ ತಿಳೀತಿದ್ದಿದ್ದು.”

ಹಾಲೇಶಪ್ಪ ಒಂದು ಕಡ್ಡಿಯಿಂದ ಮಣ್ಣಿನ ಮೇಲೆ ಚೌಕ ಬರೆದರು. “ಎಡಗಡೆ ಅಡುಗೆಮನೆ, ಅದರ ಕಿಟಕೀಲಿ ಸೂರ್ಯ. ಅಂದ್ರೆ ಎಡಕ್ಕೆ ಪೂರ್ವ. ಹಂಗಿದ್ರೆ ಮುಂಬಾಗಿಲು...”

“ಉತ್ತರಕ್ಕೆ” ಎಂದು ಸೆಲ್ವರಾಜ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. “ಹೌದು ಅಣ್ಣ, ಆ ಸಾಲೆಲ್ಲ ಉತ್ತರದ ಬಾಗಿಲು.”

“ಈ ಸೈಟಲ್ಲಿ ಎಡಕ್ಕೆ ಹಾಕಿದ್ರೆ ಕಿಟಕಿ ಎದುರು ಮೂರಂತಸ್ತಿನ ಗೋಡೆ. ಅಮ್ಮನಿಗೆ ಕತ್ತಲೆ. ಬಲಕ್ಕೆ ಹಾಕಿದ್ರೆ ಕಾಲಿಗೆ ಆಗಲ್ಲ.” ಅವರು ಕಡ್ಡಿ ಬಿಸಾಡಿದರು. “ಇದು ನಿಮ್ಮ ಸೈಟಲ್ಲ ಸ್ವಾಮಿ. ಉತ್ತರದ ಬಾಗಿಲಿಂದು ಬೇಕು, ಎಡಗಡೆ ಬಯಲಿರಬೇಕು.” ಒಂದು ಕ್ಷಣ ಬಿಟ್ಟು ಅವರಿಗೇ ನಗು ಬಂತು. “ಉತ್ತರದ ಬಾಗಿಲಿಗೆ ಎಡಗಡೆ ಹಿಂದಕ್ಕೆ ಅಡುಗೆಮನೆ ಅಂದ್ರೆ ಅದೂ ಆಗ್ನೇಯಾನೇ ಮಾರಾಯ್ರೆ! ನಂಗೂ ತಕರಾರಿಲ್ಲ.”

ಎದ್ದು ನಿಂತು ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿದರು. “ಇಲ್ಲ ಗೌಡ್ರೆ, ನಾಳೆ ಅಗ್ರಿಮೆಂಟ್ ಇಲ್ಲ. ಪಾರ್ಟಿ ಸರಿ ಇದೆ, ಸೈಟೂ ಸರಿ ಇದೆ. ಒಂದಕ್ಕೊಂದು ಸರಿ ಇಲ್ಲ.”

ಕೈಗೆ ಬಂದಿದ್ದ ವ್ಯಾಪಾರವನ್ನು ಅವರು ಹೀಗೆ ಬಿಟ್ಟರು. ನಾನು ಏನೋ ಹೇಳಲು ಹೋದರೆ, “ನೀವು ಸುಮ್ನಿರಿ. ನೀವು ಮಧ್ಯೆ ಬಂದಿದ್ದಕ್ಕೇ ಇಷ್ಟಾಗಿದ್ದು” ಎಂದು ಬಾಯಿ ಮುಚ್ಚಿಸಿದರು. ಸೆಲ್ವರಾಜ್ ಟೇಪನ್ನು ಜೇಬಿಗೆ ಹಾಕಿಕೊಂಡು ಅವರ ಸ್ಕೂಟರಿನ ಹಿಂದೆ ಕೂತರು. ಇಬ್ಬರೂ ಹೊರಟೇ ಹೋದರು. ಸುಣ್ಣದ ಮನೆಯ ನಡುವೆ ನಾವು ಮೂವರು ಉಳಿದೆವು. ಅಮ್ಮ ತನ್ನ ಚಪ್ಪಲಿಗಾಗಿ ಕಾಲಾಡಿಸುತ್ತಿದ್ದಳು.

ಮುಂದಿನ ಎರಡು ವಾರ ಅವರಿಬ್ಬರೂ ಎಷ್ಟು ಜಾಗ ನೋಡಿದರೋ ನನಗೆ ಪೂರ್ತಿ ಗೊತ್ತಿಲ್ಲ. ಏಕೆಂದರೆ ಅವರು ಒಬ್ಬರಿಗೊಬ್ಬರು ಫೋನ್ ಮಾಡಿಕೊಳ್ಳುತ್ತಿದ್ದರೇ ಹೊರತು ನನಗೆ ಮಾಡುತ್ತಿರಲಿಲ್ಲ. ಸೆಲ್ವರಾಜ್ ಒಂದು ಸೈಟನ್ನು ಪಕ್ಕದ ತೆಂಗಿನ ಮರಗಳ ನೆರಳು ಬೀಳುತ್ತದೆಂದು ಬೇಡವೆಂದರಂತೆ. ಇನ್ನೊಂದನ್ನು ಹಾಲೇಶಪ್ಪನವರೇ ಬೇಡವೆಂದರಂತೆ. ಎಡಗಡೆಯ ಖಾಲಿ ಜಾಗದ ಮಾಲೀಕ ಮುಂದೆ ಅಂತಸ್ತಿನ ಮೇಲೆ ಅಂತಸ್ತು ಕಟ್ಟುವ ಆಸಾಮಿ ಎಂದು ಅವರಿಗೆ ಗೊತ್ತಿತ್ತು. ಮಣ್ಣು, ಬೆಳಕು, ನೀರಿನ ಇಳಿಜಾರು ಒಬ್ಬರ ವಿದ್ಯೆ. ಯಾರ ಜಾಗ, ಯಾರ ಮನಸ್ಸಿನಲ್ಲಿ ಏನಿದೆ ಎಂಬುದು ಇನ್ನೊಬ್ಬರದು. ಕೊನೆಗೆ ಸಿಕ್ಕ ಸೈಟು ಬೇರೊಬ್ಬ ಬ್ರೋಕರ್ ಕೈಯಲ್ಲಿತ್ತು. ಹಾಲೇಶಪ್ಪನವರಿಗೆ ಅವರೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು. “ನಾನೇ ಹೋಗಿ ಅವನ ಬಾಗಿಲು ತಟ್ಟಿದೆ” ಎಂದು ಆಮೇಲೆ ಸೆಲ್ವರಾಜ್ ಹತ್ತಿರ ಹೇಳಿದ್ದರಂತೆ.

ಅದು ನವುಲೆಯಲ್ಲೇ, ಮೊದಲಿನ ಜಾಗದಿಂದ ಎರಡು ಅಡ್ಡರಸ್ತೆ ಆಚೆ. ಎಡಗಡೆ ಅಗಲವಾದ ರಸ್ತೆ. ಅಲ್ಲಿ ಯಾರೂ ಏನೂ ಕಟ್ಟುವಂತಿಲ್ಲ. ಸೆಲ್ವರಾಜ್ ಮತ್ತೆ ಸುಣ್ಣ ಹಾಕಿದರು. ಈ ಸಲ ದಾರದ ಇನ್ನೊಂದು ತುದಿಯನ್ನು ಹಿಡಿದಿದ್ದವರು ಹಾಲೇಶಪ್ಪ. ಬಿಳಿ ಶರ್ಟಿನ ತೋಳಿಗೆಲ್ಲ ಸುಣ್ಣ.

ಅಮ್ಮ ಬರಲು ಒಪ್ಪಿರಲಿಲ್ಲ. “ಬೇಡ ಕಣೇ ವಿನುತಾ, ಇನ್ನೊಂದ್ಸಲ ಯಾರದೋ ಗೋಡೆ ಮುಟ್ಟಿ ಬರಲ್ಲ ನಾನು” ಎಂದಿದ್ದಳು. ವಿನುತಾ ಒತ್ತಾಯ ಮಾಡಿ ಕರೆತಂದಳು. ಹೊಸಿಲಿನಲ್ಲಿ ಈ ಸಲ ಅಮ್ಮನ ಕಾಲು ಅಳುಕಿತು. ಒಂಬತ್ತು ಹೆಜ್ಜೆಗೆ ನಿಂತಳು. ನಿಧಾನವಾಗಿ ಎಡಕ್ಕೆ ತಿರುಗಿ, ಗೆರೆ ಬಿಟ್ಟಿದ್ದ ಜಾಗದ ನಟ್ಟನಡುವೆ ದಾಟಿ, ಮೂರು ಹೆಜ್ಜೆ ಇಟ್ಟಳು. ಬಿಸಿಲು ಅವಳ ಮುಖಕ್ಕೆ ನೇರವಾಗಿ ಬಿತ್ತು. ಕೈ ತಾನಾಗಿ ಮೇಲೆ ಹೋಗಿ, ಇಲ್ಲದ ಗೂಡಿನಿಂದ ಇಲ್ಲದ ಡಬ್ಬಿಯೊಂದನ್ನು ಇಳಿಸಿಕೊಂಡಿತು.

“ಇದು ನಂದು” ಎಂದಳು. ಆಮೇಲೆ ತಲೆ ಓರೆ ಮಾಡಿ, “ಗೂಡು ಇನ್ನೊಂಚೂರು ಕೆಳಗಿತ್ತು, ಬರ್ಕೋ ಸೆಲ್ವರಾಜ” ಎಂದಳು.

ಸೆಲ್ವರಾಜ್ ನಿಜವಾಗಿಯೂ ಬರೆದುಕೊಂಡರು. ಮನೆ ಮೇಲೇಳುವ ತಿಂಗಳುಗಳಲ್ಲಿ ಹಾಲೇಶಪ್ಪ ವಾರಕ್ಕೆ ಎರಡು ಸಲವಾದರೂ ಬಂದು ಹೋಗುತ್ತಿದ್ದರು. ಅವರು ಹೋಗುವಾಗ ಸೆಲ್ವರಾಜ್ “ಊಟದ ದಿನ ಇನ್ನೂ ದೂರ ಇದೆ ಅಣ್ಣಾ” ಎಂದು ಕಾಲೆಳೆಯುತ್ತಿದ್ದರು. ಈಗ ಹಾಲೇಶಪ್ಪ ಯಾರಿಗೇ ಸೈಟು ತೋರಿಸಲಿ, ಮೊದಲು ಕೇಳುವ ಪ್ರಶ್ನೆ ಮನೆಯಲ್ಲಿ ಯಾರ‍್ಯಾರಿದ್ದಾರೆ ಎಂಬುದು. ಎರಡನೆಯ ಸಲ ಸೈಟಿಗೆ ಹೋಗುವಾಗ ಸ್ಕೂಟರಿನ ಹಿಂದೆ ಸೆಲ್ವರಾಜ್ ಇರುತ್ತಾರೆ. ಮನೆ ಕಟ್ಟುವ ಸ್ನೇಹಿತರಿಗೆ ನಾನು ಹೇಳುವುದೂ ಇಷ್ಟೇ: ಜಾಗ ಕೊಡಿಸುವವರನ್ನೂ ಮನೆ ಕಟ್ಟುವವರನ್ನೂ ಕೊಳ್ಳುವ ಮೊದಲೇ ಒಂದೇ ನೆಲದ ಮೇಲೆ ನಿಲ್ಲಿಸಿ. ಮನೆಯ ಕಷ್ಟವನ್ನು ಇಬ್ಬರಿಗೂ ಒಟ್ಟಿಗೆ ಹೇಳಿ. ಮಧ್ಯೆ ನಿಂತು ಮಾತು ಸಾಗಿಸಬೇಡಿ.

ಗೃಹಪ್ರವೇಶವಾಗಿ ಒಂದು ವಾರ ಕಳೆದಿತ್ತು. ಭಾನುವಾರ ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದೆ. ಅಮ್ಮ ಅಡುಗೆಮನೆಯಲ್ಲಿದ್ದಳು. ಯಾರೋ ಬಾಗಿಲು ತಟ್ಟಿದರು. ನಾನು ಏಳುವಷ್ಟರಲ್ಲಿ ಅವಳು ಕೈ ಒರೆಸಿಕೊಳ್ಳುತ್ತ ನನ್ನ ಮುಂದೆಯೇ ಹಾದುಹೋದಳು. ಗೋಡೆ ಹಿಡಿಯಲಿಲ್ಲ, ನನ್ನನ್ನು ಕರೆಯಲಿಲ್ಲ. ಹೊರಗೆ ಹಾಲೇಶಪ್ಪ, ಅವರ ಹಿಂದೆ ಸೆಲ್ವರಾಜ್. ಭದ್ರಾವತಿ ಬಿಟ್ಟ ಮೇಲೆ ಅಮ್ಮ ಯಾರಿಗೂ ಬಾಗಿಲು ತೆಗೆದಿರಲಿಲ್ಲ ಎಂಬುದು ಅವಳ ಕೈ ಚಿಲಕದ ಮೇಲೆ ಬಿದ್ದ ಆ ಗಳಿಗೆಯಲ್ಲಿ ನನಗೆ ಹೊಳೆಯಿತು.

“ಬನ್ನಿ, ಒಳಗೆ ಬನ್ನಿ” ಎಂದಳು ಅಮ್ಮ. “ಕಾಫಿ ಇಟ್ಟಿದೀನಿ.”